ಕಂಟ್ರೋಲ್ ಗೆರೆ ಏಳದ ದಿನ

ಅವ್ವ ಅರ್ಧ ರೊಟ್ಟಿಗೇ ಕೈ ತೊಳೆದಾಗ ನಾನು ಗಮನಿಸಬೇಕಿತ್ತು. ಎರಡು ಜೋಳದ ರೊಟ್ಟಿ ಉಣ್ಣುವ ಹೆಂಗಸು. "ಹೊಟ್ಟಿ ತುಂಬ್ಯಾದ, ಬಿಡು" ಅಂದಳು. ನಾನೂ ಬಿಟ್ಟೆ. ಎಡ ಪಕ್ಕೆಯ ಕೆಳಗೆ ಗುಲ್ಮ ಊದಿಕೊಂಡು ಹೊಟ್ಟೆಯನ್ನು ಒತ್ತುತ್ತಿದೆ ಎಂದು ತಿಳಿದದ್ದು ಎರಡು ತಿಂಗಳ ಮೇಲೆ, ಕಲಬುರಗಿಯ ಆಸ್ಪತ್ರೆಯಲ್ಲಿ.

ಬ್ಲಡ್ ಕ್ಯಾನ್ಸರ್.

ಡಾಕ್ಟರು ಧೈರ್ಯವನ್ನೂ ಹೇಳಿದರು. "ಇದು ಸಿಎಂಎಲ್. ದಿನಾ ಗುಳಿಗಿ ತಗೊಂಡ್ರ ಹಿಡಿತದಾಗ ಇರ್ತದ. ಮೂರು ತಿಂಗಳಿಗೊಮ್ಮೆ ಪಿಸಿಆರ್ ಮಾಡಿ ನೋಡೋಣು. ನಿಮಗ ಗೊತ್ತೇ ಅದಲ್ರೀ."

ಗೊತ್ತಿತ್ತು. ಇದೇ ಊರಿನ ಒಂದು ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಮಂದಿಯ ರಕ್ತದಿಂದ ಆರ್‌ಎನ್‌ಎ ತೆಗೆದು, ಅದನ್ನು ಡಿಎನ್‌ಎ ಆಗಿ ನಕಲು ಮಾಡಿ ಪಿಸಿಆರ್ ಯಂತ್ರಕ್ಕಿಡುವುದೇ ನನ್ನ ಕೆಲಸ. ರೋಗದ ಜೀನ್ ಇದ್ದರೆ ಪರದೆಯ ಮೇಲೆ ಗೆರೆ ಏಳುತ್ತದೆ. ಹೆಚ್ಚಿದ್ದರೆ ಬೇಗ, ಕಮ್ಮಿಯಿದ್ದರೆ ತಡವಾಗಿ. ಎಲ್ಲರ ರಕ್ತದಲ್ಲೂ ಇರುವ ಇನ್ನೊಂದು ಜೀನಿನ ಗೆರೆಯನ್ನೂ ಜೊತೆಗೆ ನೋಡುತ್ತೇವೆ. ಅದು ಕಂಟ್ರೋಲ್. ಅದು ಎದ್ದರೆ ಮಾತ್ರ ಟೆಸ್ಟ್ ಸರಿಯಾಗಿದೆ ಎಂದರ್ಥ.

ಗುಳಿಗೆ ಅವ್ವನನ್ನು ಹೈರಾಣ ಮಾಡಿತು. ಕಣ್ಣ ಸುತ್ತ ಬಾವು, ದಿನವೂ ವಾಂತಿ. ಪ್ರತಿ ಭಾನುವಾರ ಅವಳಿರುವ ಕಮಲಾಪುರಕ್ಕೆ ಹೋದಾಗ ಒಂದೇ ಪ್ರಶ್ನೆ: "ಇದು ಯಾವಾಗ ಬಿಡೋದು?" ನನಗೂ ಸಾಕಾಗಿತ್ತು. ವಾರವೆಲ್ಲ ಲ್ಯಾಬು, ರಜೆಯ ದಿನ ಬಸ್ಸು. ಅವ್ವನ ಮೇಲೆ ರೇಗುತ್ತಿದ್ದೆ, ವಾಪಸ್ ಬರುವಾಗ ಕಿಟಕಿ ಕಡೆ ಮುಖ ಮಾಡಿ ಅಳುತ್ತಿದ್ದೆ.

ಮೂರು ತಿಂಗಳಾದ ಮೇಲೆ ಅವ್ವನ ಮನೆಯಲ್ಲೇ ರಕ್ತ ತೆಗೆದೆ. ಲ್ಯಾಬಿನ ಕೌಂಟರಿಗೆ ಕೊಡದೆ ನೇರ ಒಳಗೆ ಒಯ್ದೆ. ಹಡೆದವ್ವನ ರಕ್ತಕ್ಕೆ ಯಾರ ತಪಾಸಣೆ ಬೇಕು?

ರೋಗದ ಗೆರೆ ಏಳಲೇ ಇಲ್ಲ. ಹೊರಗೆ ಓಡಿ ಫೋನ್ ಹಚ್ಚಿದೆ. "ಯವ್ವಾ, ಹೋಗ್ಯಾದ! ಏನೂ ಉಳಿದಿಲ್ಲ!"

ಒಳಗೆ ಬಂದರೆ ನನ್ನ ಜೊತೆ ಕೆಲಸ ಮಾಡುವ ಶಬಾನಾ ಪರದೆ ನೋಡುತ್ತಿದ್ದಳು. "ಅಕ್ಕಾ, ಕಂಟ್ರೋಲ್ ಎಲ್ಲಿ ಅದರೀ?"

ಅದೂ ಎದ್ದಿರಲಿಲ್ಲ.

ಅವಳು ಫ್ರಿಜ್ಜಿನಿಂದ ಟ್ಯೂಬ್ ತೆಗೆದಳು. ಹಸಿರು ಮುಚ್ಚಳ. ರಕ್ತ ಹೆಪ್ಪುಗಟ್ಟದಂತೆ ಅದರೊಳಗೆ ಹಾಕಿರುವ ಹೆಪರಿನ್ ಪಿಸಿಆರನ್ನೇ ಕೆಡಿಸುತ್ತದೆ. ನೇರಳೆ ಮುಚ್ಚಳದ್ದು ಬೇಕಿತ್ತು. ಇದೇ ತಪ್ಪಿಗೆ ಎಷ್ಟು ಸಿಸ್ಟರುಗಳ ಸ್ಯಾಂಪಲ್ ವಾಪಸ್ ಕಳಿಸಿ ಬೈದಿದ್ದೇನೆ! ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ. ಶಬಾನಾ ಬೈಯಲಿಲ್ಲ. "ಭಾಳ ದಣದೀರಿ ಅಕ್ಕಾ. ಮೊದಲ ಊರಿಗಿ ಹೋಗ್ರಿ" ಅಂದಳು.

ಫೋನಿನಲ್ಲಿ ಹೇಳುವ ಮಾತಲ್ಲ. ಬಸ್ಸು ಹತ್ತಿದೆ.

ಅವ್ವ ಕಟ್ಟೆಯ ಮೇಲೆ ಕೂತು ಪಕ್ಕದ ಮನೆಯವರೊಡನೆ ನಗುತ್ತಿದ್ದಳು. ನನ್ನ ಫೋನಿನ ಮಾತು ನಂಬಿ ಆ ದಿನದ ಗುಳಿಗೆ ನುಂಗಿರಲಿಲ್ಲ. ಎಷ್ಟೋ ದಿನಗಳ ಮೇಲೆ ಉಂಡದ್ದು ಹೊಟ್ಟೆಯಲ್ಲಿ ನಿಂತಿತ್ತು. ಆ ನಗುಮುಖಕ್ಕೆ ಹೇಗೆ ಹೇಳಲಿ? ಆದರೂ ಹೇಳಿದೆ.

"ತಪ್ಪು ನಂದು, ಯವ್ವಾ. ಟೆಸ್ಟೇ ಆಗಿಲ್ಲ. ಖಾಲಿ ಬಂದದ್ದು ನೋಡಿ ಹೋಗ್ಯಾದ ಅಂದೆ."

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವ್ವ ಒಳಗೆ ಹೋಗಿ ಗುಳಿಗೆ ನುಂಗಿ ಬಂದು ತೋಳು ಚಾಚಿದಳು. "ಈ ಸಲ ನೋಡಿ ತಗೋ."

ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆದ ಆ ರಕ್ತದ ಟೆಸ್ಟಿನಲ್ಲಿ ಎರಡೂ ಗೆರೆ ಎದ್ದವು. ರೋಗದ್ದು ಬಹಳ ತಡವಾಗಿ. ಗುಳಿಗೆ ಕೆಲಸ ಮಾಡುತ್ತಿದೆ ಅಂದರು ಡಾಕ್ಟರು; ವಾಂತಿಗೂ ಔಷಧಿ ಬರೆದರು. ಆಮೇಲೆಯೇ ಅವ್ವನಿಗೆ ಫೋನ್ ಮಾಡಿದೆ.

"ಪೂರಾ ಹೋಗ್ಯಾದೇನು?"

"ಇಲ್ಲವ್ವ. ಅದ. ಆದ್ರ ಭಾಳ ಕಮ್ಮಿ ಆಗ್ಯಾದ."

"ಖರೇ ಹೇಳ್ಲಾಕತ್ತಿ ಹೌದಿಲ್ಲೋ?"

"ಖರೇ."

"ಹಂಗಾದ್ರ ಬರೋವಾಗ ಗುಳಿಗಿ ತಗೊಂಡು ಬಾ. ಎರಡೇ ಉಳದಾವ."