ಓರೆ ಬೆರಳು
ನಮ್ಮ ಓರೆಗೆರೆ ಸೋಮವಾರ ತೀರಿಕೊಂಡ. ಅದು ನಾವು ಆಫೀಸಿನಲ್ಲಿ ಇಟ್ಟ ಅಡ್ಡಹೆಸರು. ಕಂಪ್ಯೂಟರಿನಲ್ಲಿ ಉದ್ದುದ್ದ ಸಾಲುಗಳನ್ನು ಚುಕ್ಕಿ ಇದ್ದಲ್ಲೆಲ್ಲ ತುಂಡರಿಸುವುದು ಅವನ ಕೆಲಸ. ಆದರೆ ಅದಕ್ಕೆ ಬಳಸುವ ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ಹುಡುಕುವ ಸೂತ್ರದಲ್ಲಿ ಚುಕ್ಕಿಯೆಂದರೆ ‘ಯಾವ ಅಕ್ಷರವಾದರೂ ಸರಿ’ ಎಂದರ್ಥ. ಹಾಗೇ ಬಿಟ್ಟರೆ ಇಡೀ ಸಾಲನ್ನೇ ನುಂಗಿ ನೀರು ಕುಡಿಯುತ್ತದೆ. ಅದರ ಎಡಕ್ಕೊಂದು ಓರೆಗೆರೆ ಎಳೆದರೆ ಬರೀ ಚುಕ್ಕಿಯಾಗಿ ತೆಪ್ಪಗಿರುತ್ತದೆ. “ನೋಡ್ರೋ, ಹೆಂಗೆ ಬಾಲ ಮುದುರ್ಕೊಂಡ್ತು!” ಎಂದು ಪ್ರತಿಸಲವೂ ಹಿಗ್ಗುತ್ತಿದ್ದ. ಈ ಚಟ ಮನೆಗೂ ಬಂತು. ತನ್ನ ಮಾತಿಗೆ ಯಾರೂ ಬೇರೆ ಅರ್ಥ ಹಚ್ಚಬಾರದೆಂದರೆ ಮೊದಲು ತೋರುಬೆರಳನ್ನು ಓರೆಯಾಗಿ ಹಿಡಿಯುತ್ತಿದ್ದ. “ಉಪ್ಪು ಜಾಸ್ತಿ ಕಣೆ. ಉಪ್ಪಿನ ವಿಷಯ ಅಷ್ಟೇ, ನಿಮ್ಮಮ್ಮನ್ನ ಏನೂ ಅಂದಿಲ್ಲ.” “ಆ ಬೆರಳನ್ನ ಒಂದಿನ ಮುರಿದು ಹಾಕ್ತೀನಿ” ಎಂದು ಅವನ ಹೆಂಡತಿ ರೇಗುತ್ತಿದ್ದರು. ಆದರೂ ಬೆರಳು ಓರೆಯಾಗಿದ್ದಾಗ ಅವನು ಸುಳ್ಳಾಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಕೊನೆಯ ದಿನ ಆಸ್ಪತ್ರೆಯಲ್ಲಿ, ನಾನೂ ಮಂಚದ ಪಕ್ಕ ನಿಂತಿದ್ದಾಗ, ಅವರೇ ಕೇಳಿದರು: “ಬೆರಳು ಓರೆ ಮಾಡಿ ಹೇಳಿ. ಮನೆಗೆ ಬರ್ತೀರಿ ತಾನೆ?” ಅವನು ಬೆರಳೆತ್ತಿದ. ನನ್ನ ಕಡೆ ಒಮ್ಮೆ ನೋಡಿ, ಮೆಲ್ಲಗೆ ಮಡಚಿಕೊಂಡ. ಆಮೇಲೆ ಅದೇ ಕೈಯಿಂದ ಹೆಂಡತಿಯ ಕೈ ಹಿಡಿದು, “ಬರ್ತೀನಿ ಕಣೆ, ಬರದೆ ಇನ್ನೆಲ್ಲಿಗೆ ಹೋಗ್ಲಿ?” ಎಂದ.