ಹೊಸ್ತಿಲು ದಾಟಿದ ಚಪ್ಪಲಿ

ನನ್ನ ಎರಡು ಕಾಲಿಗೆ ನಾಲ್ಕು ಜೊತೆ ಪಾದರಕ್ಷೆಗಳಿವೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಕಟ್ಟೆಮಳಲವಾಡಿ ಪಕ್ಕದ ನಮ್ಮೂರಿನಲ್ಲೂ ಮೊದಲು ಯಾರೂ ನಂಬಲಿಲ್ಲ. ಎಪ್ಪತ್ತು ದಾಟುವವರೆಗೆ ಒಂದೇ ಹವಾಯಿ ಚಪ್ಪಲಿಯಲ್ಲಿ ಗದ್ದೆ, ಮದುವೆ, ತಾಲ್ಲೂಕು ಕಚೇರಿ ಎಲ್ಲವನ್ನೂ ಮುಗಿಸಿದವನು ನಾನು.

ಕಳೆದ ವರ್ಷ ಹಿಮ್ಮಡಿ ಕೈಕೊಟ್ಟಿತು. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟರೆ ಜಾಲಿ ಮುಳ್ಳು ತುಳಿದ ಹಾಗೆ. ಇನ್ನು ಡೈರಿಗೆ ಹೋಗುವುದೇ ನಿಂತೀತೆಂದು ಹೆದರಿದೆ. ಹಾಲನ್ನು ಯಾರು ಬೇಕಾದರೂ ಹಾಕಬಹುದು. ಡೈರಿ ಜಗುಲಿಯ ಮೇಲೆ ಕೂತು ನಾನು ಬಿಡುವ ಬುರುಡೆಯನ್ನು ಬೇರೆಯವರು ಬಿಡಲಾದೀತೇ?

ಹುಣಸೂರಿನ ಡಾಕ್ಟರು ಹೇಳಿದ್ದಿಷ್ಟು: ನಡೆಯಲು ಹಿಮ್ಮಡಿಗೆ ಮೆತ್ತೆಯಿರುವ ಶೂ, ಮನೆಯೊಳಗೆ ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ. ಬರಿಗಾಲಲ್ಲಿ ಕಲ್ಲು ನೆಲ ತುಳಿದರೆ ನೋವು ಹೋಗುವುದಿಲ್ಲ.

ಅಂಗಡಿಗೆ ಸಂಜೆ ಹೋದೆ, ಕಾಲು ಸ್ವಲ್ಪ ಊದಿರುವಾಗ ಅಳತೆ ಸರಿ ಸಿಗುತ್ತದೆಂದು. ಶೂಗಳನ್ನು ಒಂದೊಂದಾಗಿ ಮಡಚಿ ನೋಡಿದೆ. ಬೆರಳಿನ ಹತ್ತಿರ ಬಾಗಬೇಕು. ನಡುವಿನಲ್ಲಿ ಬಾಗಿದರೆ ಅದು ಶೂ ಅಲ್ಲ, ರೊಟ್ಟಿ. ಈ ವಿದ್ಯೆಯೆಲ್ಲ ಮೊಮ್ಮಗಳ ಮೊಬೈಲಿನಿಂದ ಕದ್ದದ್ದು. ಅಂಗಡಿಯವನಿಗೆ ಮಾತ್ರ ನನ್ನ ಸ್ವಂತದ್ದೆಂದೇ ಹೇಳಿದೆ.

ಆ ಜಂಬದಲ್ಲೇ ಮರುದಿನ ಹೊಸ ಶೂ ಹಾಕಿಕೊಂಡು ಕೆಸರುಗದ್ದೆಗೆ ಇಳಿದೆ. ಕಾಲು ಬಂತು, ಶೂ ಬರಲಿಲ್ಲ. ಬದುವಿನ ಮೇಲೆ ನಿಂತಿದ್ದ ಪಕ್ಕದ ಗದ್ದೆಯ ಗೆಳೆಯ ನೋಡಿದ.

"ಏನ್ಲಾ, ಶೂ ನಾಟಿ ಮಾಡ್ತಿದ್ದೀಯಾ?"

"ಹೂಂ ಕಣ್ಲಾ, ಹೊಸಾ ತಳಿ."

"ಅಂಗೇ ಬುಡು ಮತ್ತೆ. ಸುಗ್ಗಿಗೆ ಮರಿ ಶೂ ಬತ್ತವೆ."

ಶೂವನ್ನು ಕೆಸರಿನಿಂದ ಕಿತ್ತು ತೊಳೆದು ಒಣಗಿಸಿದೆ. ಹೀಗೆ ಗದ್ದೆಗೊಂದು ಗಂಬೂಟು ಬಂತು. ಮೊಪೆಡ್ಡಿನಿಂದ ಕಾಲೂರುವಾಗ ಜಾರದಿರಲೆಂದು ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಬಂತು. ಈ ಮೂರೂ ಜಗುಲಿಯಲ್ಲೇ ಉಳಿಯುವಂಥವು. ತೊಡಕಿದ್ದದ್ದು ನಾಲ್ಕನೆಯದರಲ್ಲಿ, ಡಾಕ್ಟರು ಹೇಳಿದ ಮನೆಚಪ್ಪಲಿಯಲ್ಲಿ. ನಮ್ಮ ಮನೆಯಲ್ಲಿ ಚಪ್ಪಲಿ ಹೊಸ್ತಿಲು ದಾಟಿದ್ದೇ ಇಲ್ಲ. ಮನೆಯಾಕೆ ಬಾಗಿಲಿಗೆ ಅಡ್ಡ ನಿಂತಳು.

"ಮೆಟ್ಟು ಒಳಿಕ್ಕೆ ಬಂದ್ರೆ ನೀವು ಆಚೆ ಮನಿಕ್ಕಬೇಕಾಯ್ತದೆ ಕಣ್ರೀ."

"ಇದು ಮೆಟ್ಟಲ್ಲ ಕಣಮ್ಮಿ, ಔಷ್ದಿ. ಡಾಕ್ಟ್ರು ಚೀಟೀಲಿ ಬರ್ದವ್ರೆ."

"ಔಷ್ದಿ ಆದ್ರೆ ಊಟ ಆದ್ಮೇಲೆ ನುಂಗಿ."

ಇದು ನೆಲವನ್ನೇ ಕಂಡಿಲ್ಲವೆಂದು ಅಟ್ಟೆ ತಿರುಗಿಸಿ ತೋರಿಸಿದೆ. ಅವಳೆದುರೇ ಸೋಪು ಹಾಕಿ ತೊಳೆದೆ. ಕೊನೆಗೆ ನಡುಮನೆಯವರೆಗೆ ಅಪ್ಪಣೆಯಾಯಿತು. ಅಡುಗೆಮನೆ, ದೇವರ ಕೋಣೆಗೆ ಮಾತ್ರ ಬರುವಂತಿಲ್ಲ. ತಿಂಗಳಲ್ಲಿ ನೋವು ಇಳಿಯಿತು. ಡೈರಿ ಜಗುಲಿಯ ಮೇಲೆ ನನ್ನ ದರ್ಬಾರು ಮತ್ತೆ ಶುರುವಾಯಿತು.

ಅಷ್ಟರಲ್ಲಿ ಆ ಮನೆಚಪ್ಪಲಿಯ ಮೇಲೆ ರಾಗಿಹಿಟ್ಟು ಕಾಣಿಸಿತು. ಅಡುಗೆಮನೆಗೆ ಹೋಗದ ಚಪ್ಪಲಿಗೆ ಹಿಟ್ಟೆಲ್ಲಿಂದ ಬಂತು? ಒಂದು ಬೆಳಿಗ್ಗೆ ಬುರುಡೆಯನ್ನು ಅರ್ಧಕ್ಕೇ ಬಿಟ್ಟು ಮನೆಗೆ ಬಂದೆ. ಅವಳು ಒಲೆಯ ಮುಂದೆ ನನ್ನ ಚಪ್ಪಲಿ ಮೆಟ್ಟಿ ನಿಂತು ಮುದ್ದೆ ತಿರುವುತ್ತಿದ್ದಳು.

"ಸಿಕ್ದೆ ಕಣಮ್ಮಿ," ಎಂದೆ.

ಅವಳು ತಿರುಗಲೂ ಇಲ್ಲ. "ಕಾಲು ನಿಮ್ಗೊಬ್ರಿಗೇ ಕೊಟ್ಟವ್ನಾ ದೇವ್ರು? ಬೆಳಗ್ಗಿಂದ ಈ ಕಲ್ಲಿನ್ ಮ್ಯಾಲೆ ನಿಂತಿರದು ಯಾರು?"

"ನೋವಾದ್ರೆ ನಂಗೊಂದ್ ಮಾತು ಏಳಬಾರ್ದಾ?"

"ಏಳಾಕೆ ನೀವು ಬಾಯಿಗೆ ಬುಡುವು ಕೊಡ್ಬೇಕಲ್ಲ."

ಬರಿಗಾಲಲ್ಲೇ ನಡುಮನೆಗೆ ಬಂದೆ. ನೆಲ ತಣ್ಣಗಿತ್ತು. ನನ್ನ ಕಾಲಿಗೆ ನಾಲ್ಕು ಜೊತೆ ಆರಿಸುವಷ್ಟು ದಿನವೂ ಅವಳು ಆ ಕಲ್ಲಿನ ಮೇಲೆ ಬರಿಗಾಲಲ್ಲೇ ನಿಂತಿದ್ದಳು. ಅಂದು ಮಧ್ಯಾಹ್ನ ಅವಳು ಮಲಗಿದ್ದಾಗ ಹೊಗೆಸೊಪ್ಪು ಕಟ್ಟುವ ದಾರದಿಂದ ಪಾದದ ಅಳತೆ ತೆಗೆದೆ. ಸಂಜೆಯ ಬಸ್ಸಿಗೆ ಹುಣಸೂರಿಗೆ ಹೋಗಿ ಅವಳಿಗೂ ಒಂದು ಜೊತೆ ತಂದೆ. ಅಚ್ಚು ಹೊಯ್ದಂತೆ ಕೂತಿತು.

ಇದರಲ್ಲಿ ಸುಳ್ಳು ಎರಡೇ, ಆ ದಾರ ಮತ್ತು ಆ ಅಚ್ಚು. ಅಳತೆ ಗಿಳತೆ ಏನೂ ತೆಗೆಯಲಿಲ್ಲ. ಐವತ್ತು ವರ್ಷ ಕಂಡ ಕಾಲಲ್ಲವೇ ಎಂದು ಅಂದಾಜಿನಲ್ಲಿ ತಂದೆ. ಅದು ನನ್ನ ಕಾಲಿಗೂ ದೊಡ್ಡದಾಯಿತು. ಮರುದಿನ ಅವಳೇ ಬಸ್ಸು ಹತ್ತಿ ಹೋಗಿ ಬದಲಾಯಿಸಿಕೊಂಡು ಬಂದಳು. ಹೊಸ ಜೊತೆಗೆ ನೆಲ ತಾಗಬಾರದೆಂದು ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡೇ ಕೂತಿದ್ದಳಂತೆ.