ಅಕ್ಕ ಕಾರವಾರಕ್ಕೆ ಟ್ಯಾಬ್ ಕೊಳ್ಳಲು ಬಂದದ್ದು

ನನ್ನ ಅಕ್ಕ ಮಕ್ಕಳ ಕತೆಗಳಿಗೆ ಚಿತ್ರ ಬರೆಯುತ್ತಾಳೆ. ಅಂಕೋಲೆಯ ಬೇಲೆಕೇರಿ ಹತ್ತಿರ ಅವಳ ಮನೆ. ಅಡುಗೆಯಾಗಿ, ಪಾತ್ರೆ ತೊಳೆದು, ಮೀನಿನ ವಾಸನೆ ಹೋಗಲೆಂದು ಕೈಗೆ ಲಿಂಬೆಸಿಪ್ಪೆ ತಿಕ್ಕಿಕೊಂಡು ಆಮೇಲೆ ಬರೆಯಲು ಕೂರುವವಳು. ಕೋಳಿ, ಏಡಿ, ಅಂಗಳದಲ್ಲಿ ಒಣಗಿಸಿದ ಗೇರುಬೀಜ, ಸಿಟ್ಟು ಬಂದ ಬೆಕ್ಕು. ಆ ಬೆಕ್ಕಿನ ಮುಖದಲ್ಲಿ ನನ್ನ ಹೋಲಿಕೆ ಇದೆ ಎಂದು ನನ್ನ ಗಂಡ ಹೇಳುತ್ತಾರೆ. ಇದ್ದರೂ ಇರಬಹುದು. ಇಷ್ಟು ವರ್ಷ ಪತ್ರಿಕೆಗಳಿಗೆ ಒಂದೊಂದೇ ಚಿತ್ರ ಹೋಗುತ್ತಿತ್ತು. ಹೋದ ಬೇಸಿಗೆಯಲ್ಲಿ ಮೊದಲ ಸಲ ಇಡೀ ಪುಸ್ತಕವೊಂದರ ಕೆಲಸ ಅವಳಿಗೆ ಸಿಕ್ಕಿತು. ಮುಖಪುಟದಲ್ಲಿ ಕತೆ ಬರೆದವರ ಹೆಸರಿನ ಕೆಳಗೆ ಅವಳ ಹೆಸರೂ ಇರುತ್ತದೆಯಂತೆ.

ಆದರೆ ಪ್ರಕಾಶಕರಿಗೆ ಕಾಗದದ ಚಿತ್ರ ಬೇಡ. ಫೋನಿನಲ್ಲಿ ಫೋಟೊ ತೆಗೆದು ಕಳಿಸಿದರೆ ಬಿಳಿ ಕೋಳಿ ಹಳದಿಯಾಗಿ ಬರುತ್ತದೆ. ಜುಟ್ಟು ಸಣ್ಣದು ಮಾಡಿ ಎಂದರೆ ಇಡೀ ಚಿತ್ರವನ್ನೇ ಮತ್ತೆ ಬರೆಯಬೇಕು. ಸ್ಕ್ರೀನಿನ ಮೇಲೆಯೇ ಬರೆದು ಫೈಲು ಕಳಿಸಿ, ಆಗದಿದ್ದರೆ ಬೇಸರವಿಲ್ಲ, ಬೇರೆಯವರನ್ನು ನೋಡುತ್ತೇವೆ ಎಂದು ಅವರು ಬಹಳ ಮರ್ಯಾದೆಯಿಂದ ಹೇಳಿದ್ದರು. ಅಷ್ಟು ಮರ್ಯಾದೆಯಿಂದ ಹೇಳಿದ ಮೇಲೆ ಭಯಪಡದೆ ಏನು ಮಾಡುವುದು? ಅಕ್ಕ ಆ ರಾತ್ರಿಯೇ ನನಗೆ ಫೋನ್ ಮಾಡಿದಳು.

ನಾನು ಕಾರವಾರದ ಕೋಡಿಬಾಗದಲ್ಲಿ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ನಡೆಸುತ್ತೇನೆ. ಹಾಗಾಗಿ ಪ್ಲಗ್ಗು, ತಂತಿ ಇರುವ ಯಾವ ವಸ್ತುವಿನ ವಿಷಯ ಬಂದರೂ ನಮ್ಮ ಕುಟುಂಬಕ್ಕೆ ನಾನೇ ತಜ್ಞೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂತು ವಿಡಿಯೋ ಮೇಲೆ ವಿಡಿಯೋ ನೋಡಿದೆ. ತಿಳಿದುಕೊಂಡದ್ದು ಇಷ್ಟು: ದಾರಿ ಎರಡಿದೆ. ಒಂದು ಬರೀ ಟ್ಯಾಬ್, ಜೊತೆಗೊಂದು ಪೆನ್ನು. ಇನ್ನೊಂದು, ಬಿಡಿಸಿದರೆ ಲ್ಯಾಪ್‌ಟಾಪ್, ಪೂರ್ತಿ ಹಿಂದಕ್ಕೆ ಮಡಚಿದರೆ ಟ್ಯಾಬ್ ಆಗುವಂಥದ್ದು. ಎರಡರ ಮೇಲೂ ಪೆನ್ನಿನಲ್ಲಿ ಬರೆಯಬಹುದು, ಒತ್ತಿದರೆ ಗೆರೆ ದಪ್ಪ, ತೇಲಿಸಿದರೆ ಸಪೂರ.

ಇದನ್ನು ಹೇಳಲು ಒಂದು ಭಾನುವಾರ ಅಕ್ಕನ ಮನೆಗೆ ಹೋದೆ. ಭಾವ ಗದ್ದೆ ತೋಟದ ಜೊತೆ ಮಾವಿನ ಹಣ್ಣಿನ ವ್ಯಾಪಾರವನ್ನೂ ಮಾಡುತ್ತಾರೆ. ನಾನು ಮಡಚುವ ಲ್ಯಾಪ್‌ಟಾಪ್ ಎಂದದ್ದೇ ತಡ, ಅವರ ಮುಖ ಅರಳಿತು.

"ಮತ್ತೆಂತ ಯೋಚ್ನೆ? ಅದೇ ತಕೊಳ್ಳುವ. ಹಣ್ಣಿನ ಬಿಲ್ಲು ಅದ್ರಲ್ಲೇ ಮಾಡೂಕಾತು."

ಕಾಲೇಜಿಗೆ ಹೋಗುವ ಅಕ್ಕನ ಮಗಳು ಒಳಗಿಂದಲೇ ಅಮ್ಮನನ್ನು ಕೂಗಿದಳು, "ಆಯಿ, ನನ್ನ ಪ್ರಾಜೆಕ್ಟಿಗೂ ಆತದೆ!"

ಚಹಾ ಕುಡಿಯುವಷ್ಟರಲ್ಲಿ ಪಕ್ಕದ ಮನೆಯವರೂ ಬಂದು, ಇನ್ನು ರೇಷನ್ ಕಾರ್ಡಿನ ಅರ್ಜಿ ತುಂಬಲು ಪೇಟೆಗೆ ಹೋಗುವುದು ತಪ್ಪಿತು ಎಂದು ಸಂತೋಷಪಟ್ಟು ಹೋದರು. ಅಕ್ಕ ಎಲ್ಲರಿಗೂ ಅವಲಕ್ಕಿ ಕೊಟ್ಟಳು. ಅವಳ ಪುಸ್ತಕದ ಮಾತು ಎಲ್ಲಿಯೋ ಬದಿಗೆ ಸರಿದು ಹೋಯಿತು. ನನಗೆ ಮೈ ಉರಿಯುತ್ತಿತ್ತು.

ಭಾವ ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಹೆಂಡತಿಯ ಚಿತ್ರ ಬಂದ ಪತ್ರಿಕೆಯನ್ನು ಮೀನುಪೇಟೆಗೂ ಒಯ್ದು ತೋರಿಸುವವರು. ಆದರೆ ಅಕ್ಕನಿಗೆಂದು ಬಂದ ಯಾವ ವಸ್ತುವೂ ಆ ಮನೆಯಲ್ಲಿ ಅಕ್ಕನ ಹತ್ತಿರ ನಿಂತದ್ದಿಲ್ಲ. ಚಿತ್ರ ಬರೆಯಲು ಮಾಡಿಸಿದ ಮೇಜು ಮಗಳ ಓದಿನ ಮೇಜಾಯಿತು. ನಾನೇ ನೋಡಿ ಕೊಡಿಸಿದ ಒಳ್ಳೆಯ ಕ್ಯಾಮೆರಾದ ಫೋನು ಭಾವನ ಕಿಸೆ ಸೇರಿತು, ಹಣ್ಣಿನ ಫೋಟೊ ಮುಂಬಯಿ ಕಡೆಯವರಿಗೆ ಕಳಿಸಬೇಕಲ್ಲ. ಯಾರೂ ಕಸಿದುಕೊಂಡದ್ದಲ್ಲ. ಸ್ವಲ್ಪ ಕೊಡು ಅನ್ನುತ್ತಾರೆ, ಇವಳು ಕೊಡುತ್ತಾಳೆ. ಕೇಳಿದವರಿಗೆ ಇಲ್ಲ ಅನ್ನುವ ನಾಲಿಗೆ ಅವಳಿಗೆ ಹುಟ್ಟಿನಿಂದಲೇ ಇಲ್ಲ. ಆ ಪಾಲೂ ಸೇರಿಸಿ ದೇವರು ನನಗೇ ಕೊಟ್ಟಿದ್ದಾನೆ.

"ಇದು ನನ್ನ ಕೆಲ್ಸಕ್ಕೆ, ಯಾರೂ ಮುಟ್ಟೂದು ಬ್ಯಾಡ ಹೇಳಿ ಒಂದು ಮಾತು ಹೇಳೇ," ಎಂದು ಹಿತ್ತಿಲಲ್ಲಿ ಅವಳನ್ನು ಗದರಿಸಿದೆ.

"ಹಂಗೆ ಹ್ಯಾಂಗೆ ಹೇಳೂದು ತಂಗಿ? ಅವ್ರಿಗೂ ಬೇಕಲ್ಲ," ಎಂದಳು.

ಇವಳ ಹಣೆಬರಹವೇ ಇಷ್ಟು ಎಂದು ಬಸ್ಸು ಹತ್ತಿದೆ. ಲ್ಯಾಪ್‌ಟಾಪ್ ಬಂದರೆ ಮುಗಿಯಿತು. ಹಗಲು ಬಿಲ್ಲು, ಸಂಜೆ ಪ್ರಾಜೆಕ್ಟು, ನಡುವೆ ಊರಿನವರ ಅರ್ಜಿ. ಅಕ್ಕನ ಪಾಳಿ ಬರುವ ಹೊತ್ತಿಗೆ ಪುಸ್ತಕ ಬೇರೆಯವರ ಕೈಗೆ ಹೋಗಿರುತ್ತದೆ. ಇದು ನನಗೆ ಕಂಡಷ್ಟು ನಿಚ್ಚಳವಾಗಿ ಅವಳಿಗೂ ಕಂಡಿತ್ತು ಎಂದು ಆಗ ನಾನು ತಿಳಿಯಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ, ಪ್ರಕಾಶಕರು ಕೊಟ್ಟ ಮುಂಗಡವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅಕ್ಕ ಕಾರವಾರಕ್ಕೆ ಬಂದಳು. ಭಾವನಿಗೆ ಹಣ್ಣಿನ ಗಡಿಬಿಡಿ, ನಾವಿಬ್ಬರೇ ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋದೆವು. ಒಳಗೆ ಕಾಲಿಟ್ಟರೆ ಏಸಿಯ ತಂಪು, ಅಬ್ಬಾ ಅನ್ನಿಸಿತು. ಕನ್ನಡಕ ಹಾಕಿಕೊಂಡ, ಮೆದುಮಾತಿನ ಮಾರಾಟಗಾರರೊಬ್ಬರು ಎರಡೂ ನಮೂನೆಯನ್ನು ತಂದು ಮುಂದಿಟ್ಟರು. ಅಕ್ಕ ಮೊದಲು ಮಡಚುವುದನ್ನು ತೆಗೆದುಕೊಂಡಳು. ಮಡಚಿ ಹಿಡಿದಾಗ ಕೀಬೋರ್ಡು ಹಿಂಬದಿಗೆ ಹೋಗಿ, ಹಿಡಿದ ಬೆರಳಿಗೆ ಅದರ ಗುಂಡಿಗಳು ತಾಗುತ್ತಿದ್ದವು. ತೂಕವೂ ಇತ್ತು. ಆದರೂ ಪೆನ್ನು ಸರಾಗವಾಗಿ ಓಡಿತು, ಒಂದು ಕೋಳಿ ಎದ್ದು ನಿಂತಿತು. ಟ್ಯಾಬಿನ ಮೇಲೂ ಒಂದು ಕೋಳಿ ಬರೆದಳು. ಅದೂ ಚಂದವಾಗಿಯೇ ಬಂತು.

ಆಮೇಲೆ ಅವಳು ಪೆನ್ನು ಕೆಳಗಿಟ್ಟು ಕೇಳಿದಳು, "ಈ ಏಸಿ ಸ್ವಲ್ಪ ಬಂದ್ ಮಾಡ್ತ್ರಾ?"

"ಚಳಿ ಆಗ್ತದಾ ಮೇಡಂ?"

"ಚಳಿ ಅಲ್ಲ. ನಮ್ಮ ಮನೆಲಿ ಏಸಿ ಇಲ್ಲ."

ಅಂಗಡಿಯಲ್ಲಿದ್ದ ಬೇರೆ ಗಿರಾಕಿಗಳು ತಿರುಗಿ ನೋಡಿದರು. ನನಗೆ ನಾಚಿಕೆಯಾಗಿ, ಅಲ್ಲಿದ್ದ ಚಾರ್ಜರುಗಳನ್ನು ನೋಡುವವಳ ಹಾಗೆ ನಿಂತೆ. ಆ ಪುಣ್ಯಾತ್ಮ ನಗುತ್ತಲೇ ಏಸಿ ನಿಲ್ಲಿಸಿದರು. ನಮ್ಮ ಕರಾವಳಿಯ ಮೇ ತಿಂಗಳು ಒಳಗೆ ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಲ್ಲರ ಕುತ್ತಿಗೆಯಲ್ಲೂ ಬೆವರು ಇಳಿಯಿತು. ಆಗ ಅಕ್ಕ ಮತ್ತೆ ಪೆನ್ನು ಹಿಡಿದಳು. ಬೆವೆತ ಅಂಗೈ ಗಾಜಿಗೆ ಅಂಟಿಕೊಂಡು, ಕೋಳಿಯ ಬಾಲ ಅರ್ಧಕ್ಕೇ ನಿಂತಿತು. ಅವಳು ಸೆರಗಿನ ತುದಿಯನ್ನು ಅಂಗೈ ಅಡಿಗೆ ಸೇರಿಸಿಕೊಂಡಳು. ಕಾಗದದ ಮೇಲೆ ಬರೆಯುವಾಗಲೂ ಅವಳು ಮಾಡುವುದು ಹಾಗೆಯೇ, ಇಲ್ಲದಿದ್ದರೆ ಬೆವರಿಗೆ ಬಣ್ಣ ಕದಡುತ್ತದೆ. ಈಗ ಬಾಲ ಪೂರ್ತಿಯಾಯಿತು. ಎರಡರಲ್ಲೂ ಆಯಿತು, ಆದರೆ ತೊಡೆಯ ಮೇಲಿಟ್ಟ ಮಡಚುವ ಲ್ಯಾಪ್‌ಟಾಪ್ ಬಿಸಿಯೇರಿ ಸಣ್ಣಗೆ ಗುಂಯ್‌ಗುಡತೊಡಗಿತು. ಟ್ಯಾಬ್ ಸುಮ್ಮನಿತ್ತು. ಏಸಿ ಮತ್ತೆ ಶುರುವಾದಾಗ ಇಡೀ ಅಂಗಡಿ ನಿಟ್ಟುಸಿರು ಬಿಟ್ಟಿತು.

ಇನ್ನು ತೀರ್ಮಾನ ಬಾಕಿ. ಅಕ್ಕ ಟ್ಯಾಬನ್ನು ಕೈಯಲ್ಲಿ ಹಿಡಿದುಕೊಂಡೇ ಒಂದೊಂದಾಗಿ ಕೇಳತೊಡಗಿದಳು.

"ಇದ್ರಲ್ಲಿ ಹಣ್ಣಿನ ಬಿಲ್ಲು ಮಾಡೂಕೆ ಬತ್ತದ್ಯಾ? ಪ್ರಿಂಟು ಗಿಂಟು?"

"ಇಲ್ಲ ಮೇಡಂ, ಕಂಪ್ಯೂಟರಿನ ಬಿಲ್ಲಿಂಗ್ ಸಾಫ್ಟ್‌ವೇರ್ ಇದಕ್ಕೆ ಹಾಕ್ಲಿಕ್ಕೆ ಬರೂದಿಲ್ಲ."

ಶುರುವಾಯಿತು ಎಂದುಕೊಂಡೆ. ಎದುರಿಗೆ ಕೋಳಿ ಕುಣಿಯುತ್ತಿದೆ, ಇವಳಿಗೆ ಭಾವನ ಹಣ್ಣಿನ ಚಿಂತೆ. ಮೊಣಕೈಯಿಂದ ತಿವಿದೆ. ಅವಳು ಸರಿದು ನಿಂತಳು.

"ಮಗಳ ಕಾಲೇಜಿನ ಪ್ರಾಜೆಕ್ಟು?"

"ಅದೂ ಕಷ್ಟ. ಟೈಪ್ ಮಾಡ್ಲಿಕ್ಕೆ ಕೀಬೋರ್ಡ್ ಬೇರೆ ಬೇಕು. ಅವರ ಕೋರ್ಸಿನ ಪ್ರೋಗ್ರಾಂ ಇದ್ರಲ್ಲಿ ನಡೆಯೂದಿಲ್ಲ."

"ಊರಿನವ್ರ ಅರ್ಜಿ ತುಂಬೂದು?"

"ಅರ್ಜಿನಾ? ಸೈಟು ಅರ್ಧ ಕಾಣ್ತದೆ, ಅರ್ಧ ಕಾಣೂದಿಲ್ಲ. ಇದ್ರಲ್ಲಿ ತುಂಬ್ಲಿಕ್ಕೆ ಕೂತ್ರೆ ತಲೆ ಕೆಟ್ಟೋಗ್ತದೆ ಮೇಡಂ." ಅವರು ಸಂಕೋಚದಿಂದ ಮಡಚುವುದನ್ನು ಮುಂದಕ್ಕೆ ಸರಿಸಿದರು. "ಮನೆಯವರಿಗೆಲ್ಲ ಆಗ್ಬೇಕು ಅಂದ್ರೆ ಇದೇ ಸರಿ. ನಿಮ್ಮ ಕೈಲಿರೂ ಟ್ಯಾಬು ಚಿತ್ರಕ್ಕೆ ಭಾರೀ ಒಳ್ಳೇದು, ಸುಳ್ಳು ಹೇಳೂದಿಲ್ಲ. ಆದ್ರೆ ನಿಮಗೊಬ್ಬರಿಗೇ ಉಪಯೋಗ."

"ಬೇರೆ ಯಾರಿಗೂ ಆಗೂದಿಲ್ಲ?"

"ಇಲ್ಲ ಮೇಡಂ."

"ಹಾಗಾರೆ ಇದೇ ಕೊಡಿ."

ಅವರು ನನ್ನ ಮುಖ ನೋಡಿದರು, ನಾನು ಅಕ್ಕನ ಮುಖ ನೋಡಿದೆ. ಅವಳು ಕರವಸ್ತ್ರದ ಗಂಟು ಬಿಚ್ಚುತ್ತಿದ್ದಳು. ನನಗೆ ನಗು ಬಂತು. ತನ್ನದೊಂದು ವಸ್ತು ತನ್ನ ಹತ್ತಿರ ಉಳಿಯಬೇಕಾದರೆ ಅದು ಬೇರೆ ಯಾರಿಗೂ ಬೇಡವಾದದ್ದಾಗಿರಬೇಕು ಎಂದು ಇವಳು ಎಷ್ಟು ಕಾಲದಿಂದ ಲೆಕ್ಕ ಹಾಕಿಕೊಂಡಿದ್ದಳೋ.

ಬಸ್ ಸ್ಟ್ಯಾಂಡಿನಲ್ಲಿ ಅಂಕೋಲೆ ಬಸ್ಸಿಗೆ ಕಾಯುವಾಗ ಕೇಳಿದೆ, "ಭಾವಂಗೆ ಎಂತ ಹೇಳ್ತ್ಯೆ?"

"ಎಂತ ಹೇಳೂದು? ನಿಮ್ಮ ಬಿಲ್ಲಿಗೆ ಆತದ್ಯಾ, ಮಗಳ ಪ್ರಾಜೆಕ್ಟಿಗೆ ಆತದ್ಯಾ, ಎಲ್ಲಾ ಕೇಳ್ದೆ, ಇಲ್ಲ ಅಂದ್ರು ಹೇಳ್ತೆ. ಸುಳ್ಳೇನಲ್ಲ ಅಲ್ದಾ?"

ಬಸ್ಸು ಬಂತು. ಅಕ್ಕನಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಟ್ಯಾಬಿನ ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈ ಅದರ ಮೇಲಿಟ್ಟುಕೊಂಡು ಕೂತಳು. ಇಲ್ಲ ಅನ್ನುವ ಮಾತನ್ನು ಇಷ್ಟು ವರ್ಷ ಮನೆಯವರಿಗೆ ಒಮ್ಮೆಯೂ ಹೇಳಲಾಗದ ನನ್ನ ಅಕ್ಕ, ಅದನ್ನು ಅಂಗಡಿಯವರ ಬಾಯಿಂದ ಎಲ್ಲರಿಗೂ ಒಂದೊಂದು ಹೇಳಿಸಿಕೊಂಡು ಮನೆಗೆ ಹೊರಟಿದ್ದಳು.